ಲಾಯರ್ ಅಕ್ಕ ಪಾಲುದಾರಿಕೆ ಬಿಟ್ಟದ್ದು

ಲಾಯರ್ ಅಕ್ಕ ಲಾಯರ್ ಅಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುವವರು. ಕೋರ್ಟಿನ ಮೆಟ್ಟಿಲು ಹತ್ತಿದ್ದು ಒಮ್ಮೆ ಮಾತ್ರ, ಅದೂ ವಕೀಲರೊಬ್ಬರ ಕಪ್ಪು ಕೋಟನ್ನು ತಲುಪಿಸಿ ಬರಲು. ಈ ಹೆಸರು ಅವರಿಗೆ ಅಂಟಿಕೊಂಡದ್ದು ದೊಡ್ಡಾಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ. ತಮ್ಮನನ್ನು ಕರೆದುಕೊಂಡು ಮೊದಲ ಸಲ ಅಲ್ಲಿಗೆ ಹೋದ ದಿನ, ರೋಗಿಯ ಜೊತೆ ಬಂದವರು ಕೂರಲು ಕುರ್ಚಿ ಇಲ್ಲದ್ದನ್ನು ಕಂಡು, "ನಾವೇನು ಕಂಬಕ್ಕೆ ಒರಗಿಕೊಂಡು ನಿಲ್ಲೋಕೆ ಬಂದ ಕುದುರೆಗಳಾ?" ಎಂದು ಟೆಕ್ನಿಷಿಯನ್ನನ್ನು ತರಾಟೆಗೆ ತೆಗೆದುಕೊಂಡರು. ಅವನು ಕೈಗವಸು ಕಳಚುತ್ತ, "ಬಂದ್ರಪ್ಪ ಲಾಯರ್ರು" ಎಂದ. ಹಾಸಿಗೆಗಳಲ್ಲಿ ಮಲಗಿದ್ದವರೆಲ್ಲ ನಕ್ಕರು. ಅಲ್ಲಿಂದ ಮುಂದೆ ಅವರ ನಿಜವಾದ ಹೆಸರನ್ನು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ.

ಅಂಗಡಿಯಲ್ಲಿ ಅವರದ್ದೊಂದು ರೂಢಿ ಇದೆ. ಬಟ್ಟೆ ತೆಗೆದುಕೊಳ್ಳುವ ಮುನ್ನ ಅದನ್ನು ಕೌಂಟರಿನ ಮೇಲೆ ಹರಡಿ, ಗಿರಾಕಿಯ ಎದುರಿಗೇ, ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾರೆ. "ಕಾಲರ್ ಸವೆದಿದೆ. ಎಡತೋಳಿನ ಗುಂಡಿ ಇಲ್ಲ. ಇದು ಶಾಯಿ ಕಲೆ, ಹೋಗಲ್ಲ. ಲೈನಿಂಗ್ ಹರಿದಿದೆ." ಗಿರಾಕಿ ಗಡಿಯಾರ ನೋಡಿಕೊಳ್ಳುತ್ತ, "ಗೊತ್ತಮ್ಮ, ನನ್ನ ಬಟ್ಟೆ ನನಗೆ ಗೊತ್ತಿಲ್ವಾ" ಎಂದರೂ ಬಿಡುವುದಿಲ್ಲ. "ನಿಮಗೂ ಗೊತ್ತು, ನನಗೂ ಗೊತ್ತು. ವಾಪಸ್ ತಗೊಳ್ಳೋ ದಿನ ಇಬ್ಬರಿಗೂ ಮರೆತಿರುತ್ತೆ. ಹೂಂ ಅನ್ನಿ." ಹೂಂ ಅನ್ನಿಸಿಕೊಂಡೇ ಚೀಟಿ ಹರಿಯುತ್ತಾರೆ. ಮಾಲೀಕರಿಗೆ ಈ ರೂಢಿ ಇಷ್ಟ. ಗಿರಾಕಿಗಳಿಗೆ ಕಿರಿಕಿರಿ.

ತಮ್ಮ ಅವರಿಗಿಂತ ಬಹಳ ಚಿಕ್ಕವನು. ಅವ್ವ ಹೋದ ಮೇಲೆ ಅವನ ಮೂಗು ಒರೆಸಿದ್ದು, ಶಾಲೆಗೆ ಎಳೆದುಕೊಂಡು ಹೋದದ್ದು, ಲಿಫ್ಟ್ ಕಂಪನಿಯಲ್ಲಿ ಕೆಲಸ ಸಿಕ್ಕಾಗ ಮೊದಲ ದಿನದ ಶರ್ಟಿಗೆ ಗಂಜಿ ಹಾಕಿದ್ದು ಎಲ್ಲ ಅಕ್ಕನೇ. ಎರಡೂ ಕಿಡ್ನಿ ಕೈಕೊಟ್ಟಾಗ ಅವನು ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ಓಡಾಡುವ ಆಳದ ಬಾವಿಯಲ್ಲಿ ಇಳಿದು ಹತ್ತಿ ಕೆಲಸ ಮಾಡುತ್ತಿದ್ದ. ಕಂಪನಿ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಬೆಳಗಿನ ತಪಾಸಣೆಗೆ ಹಾಕಿತು: ಕಚೇರಿಗಳು ತೆರೆಯುವ ಮುನ್ನ ಲಿಫ್ಟುಗಳನ್ನು ಓಡಿಸಿ ನೋಡುವುದು, ಬ್ರೇಕು, ಬಾಗಿಲು, ಗಂಟೆ ಪರೀಕ್ಷಿಸುವುದು. ಮೇಲ್ವಿಚಾರಕ ಅವನಿಗೆ ಮೊದಲೇ ಹೇಳಿಬಿಟ್ಟಿದ್ದ: "ಸಂಜೆ ನೀನು ಎಲ್ಲಿಗಾದ್ರೂ ಹೋಗು, ನಾನು ಕೇಳಲ್ಲ. ಬೆಳಗ್ಗೆ ಇಲ್ಲ ಅಂದ್ರೆ ನಿನಗೆ ಕೆಲಸಾನೂ ಇಲ್ಲ."

ಹಾಗಾಗಿ ಸಂಜೆ ಪಾಳಿ. ಕೆಲಸ ಮುಗಿಸಿ, ಕೈಗೆ ಹತ್ತಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಂಡು, ವಾರಕ್ಕೆ ಮೂರು ಸಲ ಅವನು ಯಂತ್ರದ ಪಕ್ಕ ಮಲಗುತ್ತಾನೆ. ಆ ಪಾಳಿಯಲ್ಲಿ ಇರುವವರೆಲ್ಲ ಇಂಥವರೇ. ಬೆಳಗಿನ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸು, ಅವರನ್ನು ಎಲ್ಲರೂ ತರಕಾರಿ ಅಮ್ಮ ಎನ್ನುತ್ತಾರೆ. ಹಗಲು ಟ್ಯಾಕ್ಸಿ ಓಡಿಸುವ ಒಬ್ಬರು, ಟ್ಯಾಕ್ಸಿ ಮಾವ. ಹಗಲು ದುಡಿಯಲೇಬೇಕಾದವರು ಸಂಜೆ ಬರುತ್ತಾರೆ. ಇದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದುದರಿಂದಲೇ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಘಟಕವನ್ನು ಹೊಸದಾಗಿ ವ್ಯವಸ್ಥೆ ಮಾಡಲು ಆಸ್ಪತ್ರೆ ಯೋಚಿಸುತ್ತಿದೆ, ಸಂಜೆ ಪಾಳಿಯನ್ನು ಮುಚ್ಚಿಬಿಡಬಹುದು ಎಂಬ ಸುದ್ದಿ ಹಬ್ಬಿದ ಕಾಲದಲ್ಲೇ ವಿಶ್ವವಿದ್ಯಾಲಯದಿಂದ ಪ್ರೊಫೆಸರ್ ಮೇಡಂ ಬಂದರು. ತೆಳ್ಳಗಿನ ಕನ್ನಡಕ, ಮೃದು ಮಾತು. ರೋಗಿಗಳ ಅನುಭವ ಕೇಳಿ ಅವರು ಬರೆದುಕೊಡುವ ವರದಿಯನ್ನು ನೋಡಿಯೇ ಆಸ್ಪತ್ರೆ ತೀರ್ಮಾನ ಮಾಡುತ್ತದೆ ಎಂದು ವಿವರಿಸಿದರು. "ನಾವು ನಿಮ್ಮ ಬಗ್ಗೆ ಸಂಶೋಧನೆ ಮಾಡಲ್ಲ, ನಿಮ್ಮ ಜೊತೆ ಸೇರಿ ಮಾಡ್ತೀವಿ" ಎಂದರು. ಅದಕ್ಕೆ ರೋಗಿಗಳ ಕಡೆಯಿಂದ ಒಬ್ಬರು ಪಾಲುದಾರರು ಬೇಕು. ಟೆಕ್ನಿಷಿಯನ್ ಸೂಜಿ ಹಿಡಿದಿದ್ದ ಕೈಯಲ್ಲೇ ಲಾಯರ್ ಅಕ್ಕನ ಕಡೆ ತೋರಿಸಿದ.

ಕುತ್ತಿಗೆಗೆ ಹಾಕಿಕೊಳ್ಳುವ ಗುರುತಿನ ಚೀಟಿ ಬಂತು. ಅದರ ಮೇಲೆ "ಜ್ಞಾನ ಬಳಕೆದಾರ ಪಾಲುದಾರರು" ಎಂದಿತ್ತು. ಸಂಶೋಧನೆಯ ಫಲವನ್ನು ಬಳಸಬೇಕಾದವರನ್ನು ಆ ಜನ ಹಾಗೆ ಕರೆಯುತ್ತಾರೆ. ತಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಜ್ಞಾನ ಬಳಕೆದಾರರಂತೆ! ಇಷ್ಟು ವರ್ಷ ಬಳಸದೆ ಇಟ್ಟಿದ್ದೆಯಲ್ಲಕ್ಕ, ಹಳಸಿ ಹೋಗಿರ್ಬೇಕು."

"ಬಳಸಿದ್ರೆ ನಿನ್ನನ್ನ ಸ್ಕೂಲಿಗೆ ಕಳಿಸ್ತಿರ್ಲಿಲ್ಲ ಕಣೋ, ಲಾಂಡ್ರಿಗೆ ಹಾಕ್ತಿದ್ದೆ. ಒಗೆದು ಇಸ್ತ್ರಿನಾದ್ರೂ ಮಾಡಿ ಕೊಡ್ತಿದ್ರು."

ನಗೆಚಾಟಿಕೆ ಒಂದು ಕಡೆ. ಆದರೆ ಅವರು ಆ ಚೀಟಿಯನ್ನು ನಂಬಿದರು. ಸಭೆ ಇದ್ದ ದಿನ ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಒಳ್ಳೆಯ ಸೀರೆ ಉಟ್ಟು, ವಿಶ್ವವಿದ್ಯಾಲಯದ ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಕೂರುತ್ತಿದ್ದರು. ಕೇಳಬೇಕಾದ ಪ್ರಶ್ನೆಗಳನ್ನು ತಯಾರಿಸುವಾಗ ಬಾಯಿ ಹಾಕಿದರು. "ಸೇವೆಯ ಗುಣಮಟ್ಟ ಅಂತ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ, ಅಲ್ಲಿ ಮಲಗಿದಾಗ ಏನಾಗುತ್ತೆ ಅಂತ ಕೇಳಿ" ಎಂದರು. ಹಾಗೆಯೇ ಬದಲಾಯಿತು. ತಮ್ಮ ಮಾತನ್ನು ಯಾರೋ ಬರೆದುಕೊಳ್ಳುತ್ತಿದ್ದಾರೆ ಎಂಬುದು ಅವರಿಗೆ ಹೊಸದು.

ಸಂದರ್ಶನವನ್ನು ಅವರೇ ಮಾಡಲಿ ಎಂಬುದು ಪ್ರೊಫೆಸರ್ ಮೇಡಂ ಯೋಚನೆ. ಹೊರಗಿನವರ ಎದುರು ಮುಚ್ಚಿಕೊಳ್ಳುವ ರೋಗಿಗಳು ತಮ್ಮವರ ಎದುರು ಮನಸ್ಸು ಬಿಚ್ಚುತ್ತಾರೆ ಎಂದು ಅವರ ನಂಬಿಕೆ. ತರಬೇತಿ ಕೊಟ್ಟವನು ಮೇಡಂ ಕೈಕೆಳಗಿನ ಸಂಶೋಧಕ. ಸದಾ ರೆಕಾರ್ಡರ್ ಹಿಡಿದುಕೊಂಡು ಓಡಾಡುತ್ತಿದ್ದ ಕಾರಣ ರೋಗಿಗಳು ಅವನಿಗೆ ಟೇಪಣ್ಣ ಎಂದು ಹೆಸರಿಟ್ಟಿದ್ದರು. "ಅವರು ಮಾತಾಡುವಾಗ ನೀವು ಮಧ್ಯೆ ಮಾತಾಡಬಾರದು ಅಕ್ಕ. ತಲೆ ಆಡಿಸಿದ್ರೆ ಸಾಕು" ಎಂದು ಟೇಪಣ್ಣ ಹೇಳಿಕೊಟ್ಟ. ಮಧ್ಯೆ ಮಾತಾಡದೆ ಇರುವುದು ಲಾಯರ್ ಅಕ್ಕನಿಗೆ ಎಷ್ಟು ಕಷ್ಟ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವರು ಹಲ್ಲು ಕಚ್ಚಿ ಅದನ್ನು ಕಲಿತರು.

ಒಬ್ಬೊಬ್ಬರ ಹಾಸಿಗೆಯ ಪಕ್ಕ ಕೂತು ಕೇಳಿದರು. ತರಕಾರಿ ಅಮ್ಮನ ಜೊತೆಗಿನ ಮಾತುಕತೆ ಹೀಗೆ ನಡೆಯಿತು.

"ಈ ಪಾಳಿ ಟೈಮಿನ ಬಗ್ಗೆ ಏನು ಹೇಳ್ತೀರ?"

"ಅಯ್ಯೋ, ಅದೇನೇ ಕೇಳ್ತೀಯ. ನಿಂಗೆ ಗೊತ್ತಿಲ್ವಾ?"

ಲಾಯರ್ ಅಕ್ಕ ತಲೆ ಆಡಿಸಿದರು. ತರಕಾರಿ ಅಮ್ಮ ಒಂದು ನಗು ನಕ್ಕರು. ಆಮೇಲೆ, "ಈ ಏಸಿ ಇದೆಯಲ್ಲ, ಇದು ಸಾಯಿಸುತ್ತೆ ನೋಡು. ಮೂಳೆ ಒಳಗೆ ಹೋಗುತ್ತೆ ಚಳಿ" ಎಂದು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಟ್ಯಾಕ್ಸಿ ಮಾವ, "ಟೈಮಾ? ಅದರ ಕಥೆ ಬಿಡಮ್ಮ, ನೀನೇ ನೋಡ್ತಿದ್ದೀಯಲ್ಲ" ಎಂದರು. ಅವರೂ ನಕ್ಕರು. ಆಮೇಲೆ ಬಾಯಾರಿಕೆಯ ಬಗ್ಗೆ ಹೇಳಿದರು: ನೀರು ಕುಡಿಯುವಂತಿಲ್ಲ, ಕಾರಿನಲ್ಲಿ ಕೂತ ಪ್ರಯಾಣಿಕ ಬಾಟಲಿ ಎತ್ತಿ ಗಟಗಟ ಕುಡಿದರೆ ಕನ್ನಡಿಯಲ್ಲಿ ಅವನ ಗಂಟಲನ್ನೇ ನೋಡುತ್ತೇನೆ ಎಂದರು. ಸ್ವಂತ ತಮ್ಮನಂತೂ, "ಬೇಗ ಮುಗಿಸಕ್ಕ, ನಿನಗೆ ನಾನೇನು ಹೇಳೋದು" ಎಂದು ಕಣ್ಣು ಮುಚ್ಚಿಕೊಂಡ.

ಟೇಪಣ್ಣ ಎಲ್ಲವನ್ನೂ ಅಕ್ಷರಕ್ಕಿಳಿಸಿದ. ಆ ಮಾತುಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಗೋಡೆಗೆ ಅಂಟಿಸಿ, ಹೋಲುವ ಮಾತುಗಳನ್ನು ಒಂದೊಂದು ಗುಂಪು ಮಾಡುವುದು ಆ ತಂಡ ಕೆಲಸ ಮಾಡುವ ರೀತಿ. ಚಳಿಯ ಗುಂಪು ದೊಡ್ಡದಾಯಿತು. ಕುರ್ಚಿಯದ್ದು ಒಂದು, ಸಿಬ್ಬಂದಿಯ ಮಾತಿನದ್ದು ಒಂದು. ಬಾಯಾರಿಕೆಯನ್ನು "ಆಹಾರ ಪಥ್ಯ"ದ ಕೆಳಗೆ ಹಾಕಿದಾಗ ಲಾಯರ್ ಅಕ್ಕ ಜಗಳ ತೆಗೆದು ಅದಕ್ಕೆ ಬೇರೆ ಜಾಗ ಕೊಡಿಸಿದರು. ಪಾಳಿಯ ಸಮಯದ ಬಗ್ಗೆ ಗೋಡೆಯ ಮೇಲೆ ಎಲ್ಲೋ ಇರಬೇಕು ಎಂದು ಅವರು ಅಂದುಕೊಂಡಿದ್ದರು. ಎಲ್ಲರಿಗೂ ಗೊತ್ತಿರುವ ಸಂಗತಿ ಇಲ್ಲದೆ ಎಲ್ಲಿಗೆ ಹೋಗುತ್ತದೆ?

ಕರಡು ವರದಿಯನ್ನು ಓದಿದ ಸಭೆಗೆ ಆಸ್ಪತ್ರೆಯ ಆಡಳಿತಾಧಿಕಾರಿಯೂ ಬಂದಿದ್ದರು. ಪ್ರೊಫೆಸರ್ ಮೇಡಂ ತಮ್ಮ ಮೃದು ದನಿಯಲ್ಲಿ ಓದುತ್ತ ಹೋದರು. ಚಳಿ ಬಂತು, ಕುರ್ಚಿ ಬಂತು, ಬಾಯಾರಿಕೆ ಬಂತು. ಆಮೇಲೆ ಈ ಸಾಲುಗಳು ಬಂದವು: "ಪಾಳಿಯ ಸಮಯದ ಪ್ರಶ್ನೆಗೆ ಹೆಚ್ಚಿನವರು ನಕ್ಕು, ಬೇರೆ ವಿಷಯಕ್ಕೆ ಹೊರಳಿದರು. ಸಂಜೆ ಪಾಳಿ ಏಕೆ ಬೇಕೆಂದು ಯಾರೂ ವಿವರಿಸಲಿಲ್ಲ. ಸಮಯವು ರೋಗಿಗಳ ಮುಖ್ಯ ಕಾಳಜಿಯಾಗಿ ಹೊಮ್ಮಿಲ್ಲ."

ಆಡಳಿತಾಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. "ಒಳ್ಳೇದಾಯ್ತು. ಸಿಬ್ಬಂದಿ ಕೊರತೆ ಇದೆ, ಸಂಜೆ ಪಾಳಿಯನ್ನ ಬೆಳಗಿನದಕ್ಕೆ ಸೇರಿಸ್ತೀವಿ. ಏಸಿ ಕಡಿಮೆ ಮಾಡಿಸೋಣ. ಕುರ್ಚಿ ಹಾಕಿಸೋಣ. ರೋಗಿಗಳೇ ಹೇಳಿದ್ದಾರಲ್ಲ, ಅವರ ಕಡೆಯವರೇ ಕೇಳಿದ್ದಾರೆ."

ಲಾಯರ್ ಅಕ್ಕನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ಕಿವಿ ಕೆಂಪಗಾಯಿತು.

"ಬೆಳಗಿನದಕ್ಕೆ ಸೇರಿಸ್ತೀರಾ? ಬೆಳಗ್ಗೆ ಅವರೆಲ್ಲ ಕೆಲಸ ಬಿಟ್ಟು ಬರ್ತಾರಾ? ಕೆಲಸ ಬಿಟ್ರೆ ತಿನ್ನೋದೇನು, ನಿಮ್ಮ ಕುರ್ಚಿನಾ?"

"ಹಾಗಂತ ಯಾರೂ ಹೇಳಿಲ್ವಲ್ಲಮ್ಮ" ಎಂದರು ಆಡಳಿತಾಧಿಕಾರಿ, ವರದಿಯ ಕಡೆ ಕೈ ತೋರಿಸಿ.

"ನಾನು ಹೇಳ್ತಿದ್ದೀನಲ್ಲ! ಮೇಡಂ, ನನ್ನ ಮಾತನ್ನ ಅದರಲ್ಲಿ ಹಾಕಿ."

ಪ್ರೊಫೆಸರ್ ಮೇಡಂ ಕನ್ನಡಕ ತೆಗೆದರು. ಅವರಿಗೂ ಸಂಕಟವಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಆದರೂ ಹೇಳಿದರು: "ಸಂದರ್ಶನದಲ್ಲಿ ಬಂದ ಮಾತನ್ನ ಮಾತ್ರ ನಾವು ಬರೀಬಹುದು. ನೀವು ಪಾಲುದಾರರು. ನೀವು ಡೇಟಾ ಅಲ್ಲ."

ಕೌಂಟರಿನ ಆಚೆ ನಿಂತು ಗಿರಾಕಿಗಳ ಬೈಗುಳ ಕೇಳಿದ ಇಷ್ಟು ವರ್ಷಗಳಲ್ಲಿ ಯಾವ ಮಾತೂ ತನ್ನನ್ನು ಇಷ್ಟು ಉರಿಸಿರಲಿಲ್ಲ ಎಂದು ಲಾಯರ್ ಅಕ್ಕ ಈಗಲೂ ಹೇಳುತ್ತಾರೆ. ಅವರು ಎದ್ದು ಹೊರಗೆ ಬಂದರು. ಗುರುತಿನ ಚೀಟಿಯ ದಾರ ಬಾಗಿಲ ಹಿಡಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವ ತಾಳ್ಮೆ ಇಲ್ಲದೆ ಜಗ್ಗಿದರು. ಕುತ್ತಿಗೆಯಲ್ಲಿ ಗೀರು ಬಿತ್ತು.

ಮನೆಯಲ್ಲಿ ತಮ್ಮ ಚಪ್ಪಲಿ ಕಳಚುತ್ತಿದ್ದ. ವಿಷಯ ಕೇಳಿ ಒಂದು ಚಪ್ಪಲಿ ಕಾಲಲ್ಲಿ ಇದ್ದಂತೆಯೇ ಗೋಡೆಗೆ ಒರಗಿ ಕೂತ.

"ಬೆಳಗ್ಗೆ ಆದ್ರೆ ನಾನು ಹೋಗಲ್ಲ ಅಕ್ಕ."

"ಹೋಗದೆ?"

"ವಾರಕ್ಕೆ ಒಂದು ಸಲ ರಜಾ ದಿನ ಹೋಗ್ತೀನಿ. ಆದಷ್ಟು ದಿನ ಆಗ್ಲಿ."

"ಆದಷ್ಟು ದಿನ ಅಂದ್ರೆ ಏನೋ? ಒಂದು ಸಲ ತಪ್ಪಿಸಿದ್ರೆ ಕಾಲು ಊದ್ಕೊಂಡು ಉಸಿರು ಕಟ್ಟುತ್ತೆ ನಿನಗೆ!"

"ಕೆಲಸ ಬಿಟ್ಟು ನಿನ್ನ ಲಾಂಡ್ರಿ ಅನ್ನ ತಿಂದ್ಕೊಂಡು ಮೂಲೇಲಿ ಕೂತ್ಕೊಳ್ಳೋಕೆ ನನಗೆ ಆಗಲ್ಲ."

"ಇದನ್ನ ಅವತ್ತು ಟೇಪಿಗೆ ಹೇಳೋಕೆ ನಿನ್ನ ಬಾಯಿಗೆ ಏನಾಗಿತ್ತು?"

"ನಿನಗೆ ಹೇಳೋದೇನಿತ್ತು? ನೀನು ಗೊತ್ತಿಲ್ಲದವಳಾ?"

ಅಕ್ಕ ತಟ್ಟೆಯನ್ನು ಅವನ ಮುಂದೆ ಕುಕ್ಕಿದರು. ಅವನು ಊಟ ಮಾಡಿದ. ಅವರು ಮಾಡಲಿಲ್ಲ.

ಮರುದಿನ ಅವರು ನೇರವಾಗಿ ಟೇಪಣ್ಣನ ಕೋಣೆಗೆ ಹೋದರು. ಕಿಟಕಿ ಇಲ್ಲದ ಸಣ್ಣ ಕೋಣೆ, ಮೇಜಿನ ತುಂಬ ವೈರು. "ತರಕಾರಿ ಅಮ್ಮನದ್ದು ಹಾಕು" ಎಂದರು. ಅವನು ಹಾಕಿದ. "ನಿಂಗೆ ಗೊತ್ತಿಲ್ವಾ?" ಎಂಬ ಮಾತಾದ ಮೇಲೆ ಮೌನ. ಯಂತ್ರದ ಪಂಪಿನ ಸದ್ದು. ಆಮೇಲೆ ಮೂಗಿನಿಂದ ಬಂದ ಒಂದು ಒಣ ಉಸಿರು.

"ಇದನ್ನ ಏನು ಅಂತ ಬರೆದಿದ್ದೀಯ?"

ಟೇಪಣ್ಣ ಹಾಳೆ ತೋರಿಸಿದ. "ನಗು" ಎಂದಿತ್ತು.

"ಇದು ನಗುನಾ? ಹಲ್ಲು ಕಡಿಯೋದನ್ನೂ ನಗು ಅಂತ ಬರೀತೀಯಾ ನೀನು? ಮದುವೆ ಆಗಿದೆಯಾ ನಿನಗೆ?"

"ಆಗಿದೆ ಅಕ್ಕ."

"ಹೆಂಡತಿ ಹೀಗೆ ನಕ್ಕಾಗ ಮನೇಲಿ ಇರ್ತೀಯಾ, ಓಡ್ತೀಯಾ?"

ಲಾಯರ್ ಅಕ್ಕ ಮೌನದ ಜಾಗವನ್ನು ಮತ್ತೆ ಹಾಕಿಸಿದರು. "ಇಲ್ಲೇನಿದು ಖಾಲಿ?"

"ಅದು ನೀವು ತಲೆ ಆಡಿಸಿದ್ದು."

ಲಾಯರ್ ಅಕ್ಕ ಟ್ಯಾಕ್ಸಿ ಮಾವನದ್ದನ್ನು ಕೇಳಿದರು, ಅಲ್ಲೂ ಖಾಲಿ. ತಮ್ಮನದ್ದು ಪೂರ್ತಿ ಖಾಲಿ. ಗಿರಾಕಿಯ ಕೋಟಿನ ಒಂದು ಗುಂಡಿಯನ್ನೂ ಬಾಯಿಬಿಟ್ಟು ಹೇಳಿಸದೆ ಬಿಡದ ಹೆಂಗಸು, ತಮ್ಮನ ಜೀವದ ಪ್ರಶ್ನೆ ಬಂದಾಗ ಎಲ್ಲರ ಎದುರು ಹೋಗಿ ಸುಮ್ಮನೆ ತಲೆ ಆಡಿಸಿಬಂದಿದ್ದರು. ಹೊರಗಿನವರು ಯಾರಾದರೂ ಕೇಳಿದ್ದರೆ ತರಕಾರಿ ಅಮ್ಮ ಮೊದಲಿನಿಂದ ವಿವರಿಸಿ ಹೇಳುತ್ತಿದ್ದರು. ಒಳಗಿನವರು ಕೇಳಿದ್ದರಿಂದ ಹೇಳಬೇಕಾದ್ದೇ ಇರಲಿಲ್ಲ. ಸಿಟ್ಟು ಈಗ ಯಾರ ಕಡೆಗೆ ಹೋಗಬೇಕೆಂದು ತಿಳಿಯದೆ ಒಳಗೇ ಸುತ್ತತೊಡಗಿತು. ತಲೆ ಆಡಿಸು ಎಂದವನು ಎದುರಿಗೇ ಇದ್ದ. ಆಡಿಸಿದ್ದು ತಮ್ಮದೇ ತಲೆ.

"ಈಗ ನನ್ನನ್ನ ಕೇಳೋಕೆ ಏನು ಅಡ್ಡಿ ಇದೆ ಹೇಳು" ಎಂದರು ಕೊನೆಗೆ.

"ಪಾಲುದಾರರನ್ನ ಸಂದರ್ಶನ ಮಾಡೋ ಹಾಗಿಲ್ಲ ಅಕ್ಕ. ನಿಯಮ."

"ಪಾಲುದಾರಳಲ್ಲ ಅಂದ್ರೆ?"

ಟೇಪಣ್ಣ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ರೋಗಿಗಳು, ಮನೆಯವರು, ಇನ್ನೂ ಕೆಲವರನ್ನ ಮಾತಾಡಿಸೋಕೆ ನಮಗೆ ಒಪ್ಪಿಗೆ ಉಳಿದಿದೆ. ಮೇಡಂ ಸಾಕು ಅಂತ ನಿಲ್ಲಿಸಿದ್ದು, ಅಷ್ಟೇ."

ಲಾಯರ್ ಅಕ್ಕ ಅಲ್ಲಿಂದ ಪ್ರೊಫೆಸರ್ ಮೇಡಂ ಕೋಣೆಗೆ ನಡೆದು, ಗುರುತಿನ ಚೀಟಿಯನ್ನು ಅವರ ಮೇಜಿನ ಮೇಲೆ, ಚಹಾದ ಲೋಟದ ಪಕ್ಕ ಇಟ್ಟರು.

"ನನ್ನನ್ನ ತೆಗೆದುಹಾಕಿ. ಪಾಲುದಾರಿಕೆ ಬೇಡ. ನಾನು ರೋಗಿ ಮನೆಯವಳು. ನನ್ನನ್ನ ಕೂರಿಸಿ ಪ್ರಶ್ನೆ ಕೇಳಿ."

"ಕೂತ್ಕೊಳ್ಳಿ. ಕೋಪದಲ್ಲಿ ತೀರ್ಮಾನ ಬೇಡ."

"ಕೋಪ ಇಳಿಯೋವರೆಗೆ ಕಾದ್ರೆ ನನ್ನ ತಮ್ಮ ಇರಲ್ಲ."

ಪ್ರೊಫೆಸರ್ ಮೇಡಂ ಮೊದಲ ಸಲ ದನಿ ಏರಿಸಿದರು. "ನೀವು ಬಿಟ್ಟುಹೋದ್ರೆ ಏನಾಗುತ್ತೆ ಗೊತ್ತಾ? ರೋಗಿಗಳ ಪಾಲುದಾರರು ಇಲ್ಲದ ವರದಿಯನ್ನ ಯಾರೂ ಒಪ್ಪಲ್ಲ. ನನ್ನ ಇಷ್ಟು ದಿನದ ಕೆಲಸ ನೀರಲ್ಲಿ ಹೋಗುತ್ತೆ. ಬೇರೆ ಸಂಶೋಧಕರು ನಿಮ್ಮಂಥವರನ್ನ ಬಾಗಿಲ ಹತ್ರಾನೂ ಸೇರಿಸಲ್ಲ. ನಾನು ಗೌರವ ಕೊಟ್ಟು ಮೇಜಿನ ಹತ್ತಿರ ಕೂರಿಸಿದೆ."

"ಕೂರಿಸಿದ್ರಿ, ಇಲ್ಲ ಅನ್ನಲ್ಲ. ಕೂರಿಸಿ ಬಾಯಿ ಕಟ್ಟಿದ್ರಿ. ನಾನು ಪಾಲುದಾರಳು ಅಂತ ಹೆಸರಿರೋ ವರದೀನ ತೋರಿಸಿ ಅವರು ಹಾಸಿಗೆ ಎತ್ತಿಸ್ತಾರೆ. ನಾಳೆ ತರಕಾರಿ ಅಮ್ಮ ಕೇಳಿದ್ರೆ ನಾನು ಏನು ಹೇಳ್ಲಿ? ನಿನ್ನ ಮಾತನ್ನ ನಾನೇ ನುಂಗಿದೆ, ಆದ್ರೆ ಸಭೇಲಿ ಊಟ ಚೆನ್ನಾಗಿತ್ತು ಅನ್ಲಾ?"

ಪ್ರೊಫೆಸರ್ ಮೇಡಂ ಕೆಟ್ಟವರಲ್ಲ, ಅದು ಲಾಯರ್ ಅಕ್ಕನೂ ಒಪ್ಪುವ ಮಾತು. ತಾವೇ ಕಟ್ಟಿದ ನಿಯಮದ ಬೇಲಿಯೊಳಗೆ ತಾವೇ ನಿಂತಿದ್ದರು. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಟೇಪಣ್ಣ ಗಂಟಲು ಸರಿಮಾಡಿಕೊಂಡು, ಇನ್ನೂ ಕೆಲವರನ್ನು ಮಾತಾಡಿಸಲು ಒಪ್ಪಿಗೆ ಇದೆ ಎಂಬುದನ್ನು ನೆನಪಿಸಿದ. ಮೇಡಂ ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ ಚೀಟಿಯನ್ನು ಎತ್ತಿ ಡ್ರಾಯರಿನೊಳಗೆ ಹಾಕಿದರು.

"ರೆಕಾರ್ಡರ್ ತನ್ನಿ. ನಾನೇ ಕೇಳ್ತೀನಿ."

ಆ ಸಂದರ್ಶನ ಮಧ್ಯಾಹ್ನವಿಡೀ ನಡೆಯಿತು. ಸಂಜೆ ಪಾಳಿ ಯಾಕೆ ಬೇಕು ಎಂದು ಮೇಡಂ ಕೇಳಿದರು. ಲಾಯರ್ ಅಕ್ಕ ಹೇಳತೊಡಗಿದರು.

"ನನ್ನ ತಮ್ಮ ಲಿಫ್ಟ್ ಮೆಕ್ಯಾನಿಕ್. ಜನ ಕಚೇರಿಗೆ ಬರೋ ಮುಂಚೆ ಲಿಫ್ಟ್ ನೋಡ್ಬೇಕು. ಬೆಳಗ್ಗೆ ಅವನು ನಿಮ್ಮ ಹಾಸಿಗೇಲಿ ಮಲಗಿದ್ರೆ ಆ ಕೆಲಸಕ್ಕೆ ಬೇರೆಯವರು ಬರ್ತಾರೆ. ಆಮೇಲೆ ಅವನನ್ನ ಯಾರೂ ಕರೆಯಲ್ಲ. ಕರೆಯದೆ ಇದ್ರೆ ಮನೇಲಿ ಇರ್ತಾನೆ. ಮನೇಲಿ ಇದ್ರೆ ಅವನು ಆಸ್ಪತ್ರೆಗೂ ಬರಲ್ಲ, ನನಗೆ ಅವನ ಬುದ್ಧಿ ಗೊತ್ತು. ಹಗಲು ಯಂತ್ರದಿಂದ ಇಳಿದವನು ಕೆಲಸಕ್ಕೆ ಹೋಗಬಹುದಲ್ಲ ಅಂತೀರಾ? ಇಳಿದ ಮೇಲೆ ಅವನು ಗೋಡೆ ಹಿಡ್ಕೊಂಡೇ ನಡೀಬೇಕು. ಮನೇಗೆ ಬಂದು ಬಿದ್ಕೊಂಡ್ರೆ ಬೆಳಗ್ಗೇನೇ ಮನುಷ್ಯ ಆಗೋದು. ಲಿಫ್ಟ್ ಬಾವಿ ಹತ್ರ ತಲೆ ತಿರುಗಿದ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಾ? ಹೇಳ್ತೀನಿ. ಕೆಳಗೆ ಬೀಳ್ತಾನೆ."

"ಹೂಂ. ಅರ್ಥ ಆಯ್ತು" ಎಂದರು ಮೇಡಂ.

"ಅರ್ಥ ಆಗೋದು ಬೇಡ ಮೇಡಂ. ಆಮೇಲೆ ಏನು ಅಂತ ಕೇಳಿ."

"ಆಮೇಲೆ ಏನು?"

ಮೇಡಂ ಕೇಳಿದರು. ಅವರು ಹೇಳಿದರು. ಮಧ್ಯೆ ಒಂದು ಸಲ ಲಾಯರ್ ಅಕ್ಕ ಅತ್ತರು, ಅದೂ ಸಿಟ್ಟಿನಿಂದಲೇ. ಟೇಪಣ್ಣ ಆ ಜಾಗದಲ್ಲಿ ಏನು ಬರೆಯಲಿ ಎಂದು ಅವರನ್ನೇ ಕೇಳಿದ. "ಸಿಟ್ಟು ಅಂತ ಬರಿ. ಕಣ್ಣೀರು ಅಂತ ಬರೆದ್ರೆ ಪಾಪ ಅಂತಾರೆ, ಹಾಸಿಗೆ ಎತ್ತಿಸ್ತಾರೆ."

ಸಂಜೆ ಪಾಳಿಯವರನ್ನು ಮತ್ತೆ ಮಾತಾಡಿಸುವ ಕೆಲಸ ಟೇಪಣ್ಣನಿಗೆ ಬಂತು. ತಾನು ಒಳಗೆ ಬರಕೂಡದು ಎಂದು ಲಾಯರ್ ಅಕ್ಕನೇ ಷರತ್ತು ಹಾಕಿಕೊಂಡು ಕಾರಿಡಾರಿನಲ್ಲಿ ನಿಂತರು. ಗಾಜಿನ ಬಾಗಿಲ ಆಚೆಯಿಂದ ತರಕಾರಿ ಅಮ್ಮ ಕೈ ಬೀಸಿ ಬೀಸಿ ಟೇಪಣ್ಣನಿಗೆ ವಿವರಿಸುವುದು ಕಾಣುತ್ತಿತ್ತು. ಸೂಜಿ ಚುಚ್ಚಿದ ಕೈಯನ್ನೂ ಎತ್ತಿದರು, ಟೆಕ್ನಿಷಿಯನ್ ಓಡಿಬಂದು ಅದನ್ನು ಕೆಳಗಿಡಿಸಿದ. ಮುಗಿದ ಮೇಲೆ ಅವರು ಹೊರಗೆ ಬಂದು ಲಾಯರ್ ಅಕ್ಕನನ್ನು ಹಿಡಿದುಕೊಂಡರು.

"ಏನೇ, ಮತ್ತೆ ಯಾಕೆ ಕೇಳಿಸ್ದೆ? ಅವತ್ತು ನಿನಗೆ ಹೇಳ್ಲಿಲ್ವಾ ನಾನು?"

"ಹೇಳ್ಲಿಲ್ಲ."

"ಹೇಳ್ದೆ ಕಣೇ! ನೀನು ತಲೆ ಆಡಿಸ್ದೆ."

"ಆಡಿಸ್ದೆ. ನಂದೇ ತಪ್ಪು, ಬೈಯಿ."

ತರಕಾರಿ ಅಮ್ಮ ನಿಜವಾಗಿಯೂ ಬೈದರು. ಬೆಳಗಿನ ಸಂತೆಯಲ್ಲಿ ಎರಡು ಜಾಗ ಆಚೆಯವರಿಗೂ ಕೇಳಿಸುವ ದನಿ ಅವರದ್ದು. ಟ್ಯಾಕ್ಸಿ ಮಾವ ಪಕ್ಕದಲ್ಲೇ ನಿಂತು, "ಲಾಯರಿಗೇ ಕೇಸು ಬಿತ್ತಲ್ಲಪ್ಪ" ಎಂದು ಹೇಳಿ ತಮ್ಮನ ಬೆನ್ನು ತಟ್ಟಿದರು.

ಎರಡನೆಯ ಸಲ ಬರೆದ ವರದಿಯಲ್ಲಿ ಪಾಳಿಯ ಸಮಯದ್ದೇ ದೊಡ್ಡ ಭಾಗ. ಅದರಲ್ಲಿ ಲಾಯರ್ ಅಕ್ಕನ ಮಾತುಗಳೂ ಇವೆ, ಹೆಸರಿಲ್ಲದೆ, "ರೋಗಿಯ ಸಂಬಂಧಿ" ಎಂಬ ಗುರುತಿನ ಕೆಳಗೆ. ಪಾಲುದಾರರ ಜಾಗದಲ್ಲಿ ಯಾರ ಹೆಸರೂ ಇಲ್ಲ. ಮಧ್ಯದಲ್ಲಿ ಒಬ್ಬರು ಹೊರನಡೆದರು, ಏಕೆ ಹೊರನಡೆದರು ಎಂಬುದನ್ನು ಪ್ರೊಫೆಸರ್ ಮೇಡಂ ತಮ್ಮದೇ ತಪ್ಪೆಂಬಂತೆ ಅರ್ಧ ಪುಟ ಬರೆದಿದ್ದಾರೆ. ಅದರಿಂದ ಅವರು ಮೇಲಿನವರಿಂದ ಮಾತು ಕೇಳಬೇಕಾಯಿತು ಎಂದು ಟೇಪಣ್ಣ ಹೇಳುತ್ತಾನೆ.

ಆಡಳಿತಾಧಿಕಾರಿಯ ತೀರ್ಮಾನವನ್ನು ಘಟಕದ ಬಾಗಿಲಿಗೆ ಅಂಟಿಸಿದರು. ಸಂಜೆ ಪಾಳಿ ಮುಂದುವರಿಯುತ್ತದೆ. ಈಗ ಇರುವವರಿಗೆ ಮಾತ್ರ. ಹೊಸಬರನ್ನು ಸೇರಿಸುವುದಿಲ್ಲ. ತೆರವಾದ ಹಾಸಿಗೆಯನ್ನು ಬೆಳಗಿನ ಪಾಳಿಗೆ ಒಯ್ಯಲಾಗುವುದು.

ತಮ್ಮ ಅದನ್ನು ಓದಿ ನಿಟ್ಟುಸಿರು ಬಿಟ್ಟ. "ನಮ್ಮ ಹಾಸಿಗೆ ಉಳೀತಲ್ಲಕ್ಕ. ಸಾಕು ಬಿಡು."

"ತೆರವಾದ ಹಾಸಿಗೆ ಅಂದ್ರೆ ಗೊತ್ತೇನೋ?"

"ಗೊತ್ತು."

"ಏನು, ಹೇಳು."

ಅವನು ಹೇಳಲಿಲ್ಲ. ತರಕಾರಿ ಅಮ್ಮ ಹೇಳಿದರು, ಹಾಸಿಗೆಯಿಂದಲೇ, ಕೋಣೆಗೆಲ್ಲ ಕೇಳುವಂತೆ: "ನಾವು ಸಾಯೋವರೆಗೆ ಕಾಯ್ತಾರಂತೆ. ಒಬ್ಬೊಬ್ಬರೇ ಹೋದ ಹಾಗೆ ಒಂದೊಂದೇ ಮಂಚ ಎತ್ಕೊಂಡು ಹೋಗ್ತಾರೆ."

ಈ ಸಲ ಯಾರೂ ನಗಲಿಲ್ಲ. ತಮ್ಮ ಕಣ್ಣು ಮುಚ್ಚಿಕೊಂಡ. ಅವನ ಜೀವ ಸದ್ಯಕ್ಕೆ ಉಳಿದಿತ್ತು, ಕೆಲಸವೂ. ಅಕ್ಕ ಅದಕ್ಕಾಗಿಯೇ ಹೋರಾಡಿದ್ದು. ಆದರೂ ಅವನ "ಸಾಕು ಬಿಡು" ಎಂಬ ಮಾತಿಗೆ ಆಡಳಿತಾಧಿಕಾರಿಯ ಮೇಲಿನಷ್ಟೇ ಸಿಟ್ಟು ಅವನ ಮೇಲೂ ಬಂತು ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಕೆಲವು ವಾರಗಳ ನಂತರ ಹೊಸ ರೋಗಿಯೊಬ್ಬ ಬಂದ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು, ಬೆಳಕು ಹರಿಯುವ ಮುಂಚೆ ಅವನ ಕೆಲಸ ಶುರು. ಸಂಜೆ ಜಾಗ ಇಲ್ಲ, ಬೆಳಗ್ಗೆ ಬಾ ಎಂದು ಟೆಕ್ನಿಷಿಯನ್ ಹೇಳಬೇಕಾಯಿತು. ಹೇಳಿದವನ ಮುಖವೂ ಸಪ್ಪಗಾಗಿತ್ತು. ಬೇಕರಿಯವನು ಚೀಲ ಹಿಡಿದು ವಾಪಸ್ ಹೊರಟಿದ್ದ. ಲಾಯರ್ ಅಕ್ಕ ಮೆಟ್ಟಿಲ ಹತ್ತಿರ ಅವನನ್ನು ತಡೆದು ನಿಲ್ಲಿಸಿದರು. ಮಾರನೆಯ ದಿನ ಅಂಗಡಿಯಲ್ಲಿ ಮಾಲೀಕರನ್ನೇ ಕೌಂಟರಿಗೆ ನಿಲ್ಲಿಸಿ, ಅವನನ್ನು ಕರೆದುಕೊಂಡು ಆಡಳಿತಾಧಿಕಾರಿಯ ಕಚೇರಿಗೆ ಹೋದರು.

ಬಾಗಿಲಲ್ಲಿ ಕೂತಿದ್ದ ಜವಾನ ಎದ್ದು ಅಡ್ಡ ನಿಂತ. "ಸಾಹೇಬ್ರು ಮೀಟಿಂಗಲ್ಲಿದ್ದಾರೆ."

"ಒಳ್ಳೇದಾಯ್ತು" ಎಂದರು ಲಾಯರ್ ಅಕ್ಕ. "ನಾವೂ ಮೀಟಿಂಗಿಗೇ ಬಂದಿರೋದು."

ಬೇಕರಿಯವನನ್ನು ಮುಂದೆ ಬಿಟ್ಟುಕೊಂಡು, ಬಾಗಿಲು ತಳ್ಳಿ ಒಳಗೆ ಹೋದರು.